ಗಜ್ಜರಿಯ ಬಣ್ಣ, ಕಲ್ನಾರಿನ ಧೂಳು

ಭೋಗಿಯ ದಿನ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಜೊತೆ ಗಜ್ಜರಿ ಇರಲೇಬೇಕು. ಗಜ್ಜರಿ ಕಣ್ಣಿಗೆ ಒಳ್ಳೆಯದು ಎಂದು ನಾವು ತರಗತಿಯಲ್ಲಿ ಹೇಳಿಕೊಡುತ್ತೇವೆ. ಅದು ಸರಿಯೇ. ಆದರೆ ಇದೇ ಗಜ್ಜರಿಗೆ ಬಣ್ಣ ಕೊಡುವ ವಸ್ತುವನ್ನು ಗುಳಿಗೆ ಮಾಡಿ, ಕಲ್ನಾರಿನ ಧೂಳು ಕುಡಿದ ಕಾರ್ಮಿಕರಿಗೆ ಕ್ಯಾನ್ಸರ್ ಬಾರದಿರಲೆಂದು ವರ್ಷಗಟ್ಟಲೆ ಕೊಟ್ಟ ಒಂದು ಇತಿಹಾಸವಿದೆ. ಅದರ ಫಲ ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿ ಬಂತು. ಆ ಕಥೆಯನ್ನು ಇಲ್ಲಿ ಮೊದಲಿನಿಂದ ನೋಡೋಣ.

ಕಲ್ನಾರು ಎಂದರೆ ಆಸ್‌ಬೆಸ್ಟಾಸ್. ಬಂಡೆಯಲ್ಲಿ ಸಿಗುವ ನಾರು ಇದು. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ, ಹತ್ತಿಯಂತೆ ನೂಲಬಹುದು, ಸಿಮೆಂಟಿನಲ್ಲಿ ಬೆರೆಸಿ ಶೀಟು ಮಾಡಬಹುದು. ಹೀಗಾಗಿ ಇಪ್ಪತ್ತನೆಯ ಶತಮಾನದಲ್ಲಿ ಹಡಗು, ಬಾಯ್ಲರ್, ವಾಹನಗಳ ಬ್ರೇಕು, ಮನೆಯ ಮಾಡು ಎಲ್ಲದಕ್ಕೂ ಇದನ್ನೇ ಬಳಸಿದರು. ಅಪಾಯವೂ ಈ ಗುಣಗಳಲ್ಲೇ ಇತ್ತು. ಈ ನಾರು ಉದ್ದಕ್ಕೆ ಸೀಳುತ್ತ ಸೀಳುತ್ತ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಂಕಿಗೇ ಜಗ್ಗದ ನಾರನ್ನು ದೇಹ ಸುಲಭವಾಗಿ ಕರಗಿಸಲಾರದು.

ಇಂಗ್ಲೆಂಡಿನ ರಿಚರ್ಡ್ ಡಾಲ್ 1955ರಲ್ಲಿ ಒಂದು ಲೇಖನ ಪ್ರಕಟಿಸಿದರು. ಕಲ್ನಾರಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ದುಡಿದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಸುಮಾರು 10 ಪಟ್ಟು ಎಂದು ಅದು ತೋರಿಸಿತು. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಸಂಗಡಿಗರು ಕೇಪ್ ಪ್ರಾಂತದ ನೀಲಿ ಕಲ್ನಾರಿನ ಗಣಿಗಳ ಸೀಮೆಯಿಂದ 33 ರೋಗಿಗಳ ವಿವರ ಕೊಟ್ಟರು. ಅವರಿಗೆ ಬಂದದ್ದು ಮೀಸೋಥೀಲಿಯೋಮಾ, ಅಂದರೆ ಶ್ವಾಸಕೋಶವನ್ನು ಸುತ್ತಿರುವ ತೆಳು ಪೊರೆಯ ಕ್ಯಾನ್ಸರ್. ಅವರಲ್ಲಿ ಹಲವರು ಗಣಿಯಲ್ಲಿ ಕೆಲಸ ಮಾಡಿದವರೇ ಅಲ್ಲ, ಗಣಿಯ ಸಮೀಪ ಬಾಲ್ಯ ಕಳೆದವರು. 1979ರಲ್ಲಿ ಅಮೆರಿಕದ ಹ್ಯಾಮಂಡ್, ಸೆಲಿಕಾಫ್ ಮೊದಲಾದವರು ಇನ್ನೊಂದು ಲೆಕ್ಕ ಕೊಟ್ಟರು. ಕಲ್ನಾರಿನ ಧೂಳು ಒಂದೇ ಇದ್ದರೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು 5 ಪಟ್ಟು. ಸಿಗರೇಟು ಒಂದೇ ಇದ್ದರೆ ಸುಮಾರು 11 ಪಟ್ಟು. ಎರಡೂ ಕೂಡಿದರೆ 50 ಪಟ್ಟಿಗೂ ಹೆಚ್ಚು!

ಇಲ್ಲಿ ಒಂದು ಸಂಕಟವನ್ನು ಗಮನಿಸಬೇಕು. ಧೂಳು ಒಳಗೆ ಹೋಗುವುದಕ್ಕೂ ಕ್ಯಾನ್ಸರ್ ಕಾಣಿಸಿಕೊಳ್ಳುವುದಕ್ಕೂ ನಡುವೆ ಇಪ್ಪತ್ತು, ನಲವತ್ತು ವರ್ಷಗಳ ಅಂತರವಿರುತ್ತದೆ. ಕಾರ್ಖಾನೆ ಮುಚ್ಚಿದರೂ, ಕಾನೂನು ಬಂದರೂ, ಈಗಾಗಲೇ ಧೂಳು ಕುಡಿದವನ ಎದೆಯಲ್ಲಿ ಅದು ಹಾಗೆಯೇ ಇರುತ್ತದೆ. ಅಂಥವರಿಗೆ ಏನು ಮಾಡುವುದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ವೈದ್ಯವಿಜ್ಞಾನ ತರಕಾರಿಯ ಬುಟ್ಟಿಯ ಕಡೆ ತಿರುಗಿತು.

ಗಜ್ಜರಿಯ ಬಣ್ಣದ ವಸ್ತುವನ್ನು 1831ರಲ್ಲಿ ಜರ್ಮನಿಯ ವಾಕನ್‌ರೋಡರ್ ಬೇರ್ಪಡಿಸಿದರು. ಕ್ಯಾರೆಟ್ಟಿನಿಂದ ಬಂದದ್ದಕ್ಕೆ ಕ್ಯಾರೋಟೀನ್ ಎಂಬ ಹೆಸರಾಯಿತು. ದೇಹ ಇದನ್ನು ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ ಎಂದು 1930ರ ಹೊತ್ತಿಗೆ ಥಾಮಸ್ ಮೂರ್ ತೋರಿಸಿದರು. ಇದರ ರಚನೆಯನ್ನು ಬಿಡಿಸಿದ ಪೌಲ್ ಕಾರರ್ ಅವರು 1937ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ನಮ್ಮ ರಾಜಗಿರಿ, ಪಾಲಕ, ಮೆಂತೆ ಪಲ್ಯಗಳಲ್ಲೂ ಇದು ಹೇರಳವಾಗಿದೆ, ಹಸಿರು ಬಣ್ಣದ ಹಿಂದೆ ಅಡಗಿರುತ್ತದೆ ಅಷ್ಟೆ.

1981ರಲ್ಲಿ ಎರಡು ಬರಹಗಳು ಬಂದವು. ಷಿಕಾಗೋ ನಗರದ ಒಂದು ಕಾರ್ಖಾನೆಯ ನೌಕರರನ್ನು 19 ವರ್ಷ ಗಮನಿಸಿದ ಅಧ್ಯಯನ, ಊಟದಲ್ಲಿ ಕ್ಯಾರೋಟೀನ್ ಹೆಚ್ಚಿದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದಿತು. ರಿಚರ್ಡ್ ಪೀಟೊ, ಡಾಲ್ ಮೊದಲಾದವರು, ಆಹಾರದ ಬೀಟಾ ಕ್ಯಾರೋಟೀನ್ ಕ್ಯಾನ್ಸರನ್ನು ನಿಜಕ್ಕೂ ತಗ್ಗಿಸಬಲ್ಲದೇ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ಬರೆದರು. ಪ್ರಯೋಗ ಮಾಡಿಯೇ ತಿಳಿಯಬೇಕು ಎಂಬುದು ಅವರ ನಿಲುವಾಗಿತ್ತು. ಸೊಪ್ಪು ತರಕಾರಿ ಹೆಚ್ಚು ತಿನ್ನುವವರು ಬೇರೆ ವಿಷಯಗಳಲ್ಲೂ ಭಿನ್ನವಾಗಿರಬಹುದಲ್ಲವೇ? ಕಡಿಮೆ ಸೇದುವವರು, ಕಡಿಮೆ ಕುಡಿಯುವವರು ಆಗಿರಬಹುದು.

ಅಮೆರಿಕದಲ್ಲಿ 1985ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ ಮುಂದೆ ಆರು ಕೇಂದ್ರಗಳಿಗೆ ಹಬ್ಬಿದ ಪ್ರಯೋಗಕ್ಕೆ ಕ್ಯಾರೆಟ್ ಎಂದೇ ಸಂಕ್ಷಿಪ್ತ ಹೆಸರು. ಗಿಲ್ಬರ್ಟ್ ಒಮೆನ್ ಇದರ ಮುಂದಾಳು. ಒಟ್ಟು 18,314 ಜನ ಸೇರಿದರು. ಇವರಲ್ಲಿ 4,060 ಮಂದಿ ಕಲ್ನಾರಿನ ಧೂಳಿನಲ್ಲಿ ದುಡಿದ ಗಂಡಸರು, ಉಳಿದವರು ವಿಪರೀತ ಸಿಗರೇಟು ಸೇದುವ ಅಥವಾ ಸೇದಿ ಬಿಟ್ಟ ಹೆಂಗಸರು ಮತ್ತು ಗಂಡಸರು. ಅರ್ಧದಷ್ಟು ಜನರಿಗೆ ದಿನಕ್ಕೆ 30 ಮಿಲಿಗ್ರಾಂ ಬೀಟಾ ಕ್ಯಾರೋಟೀನ್ ಮತ್ತು 25,000 ಯೂನಿಟ್ ವಿಟಮಿನ್ ಎ. ಉಳಿದರ್ಧಕ್ಕೆ ಅದೇ ರೂಪದ, ಆದರೆ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ.

ಅಷ್ಟರಲ್ಲಿ 1994ರಲ್ಲಿ ಫಿನ್ಲೆಂಡಿನಿಂದ ಸುದ್ದಿ ಬಂತು. ಅಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ ಬೀಟಾ ಕ್ಯಾರೋಟೀನ್ ತೆಗೆದುಕೊಂಡವರಿಗೆ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚಾಗಿತ್ತು! ಕಡಿಮೆಯಲ್ಲ, ಹೆಚ್ಚು. ಇದು ಆಕಸ್ಮಿಕವಿರಬಹುದೇ ಎಂಬ ಸಂದೇಹವಿದ್ದಾಗಲೇ ಅಮೆರಿಕದ ಅಂಕಿಗಳೂ ಅದೇ ದಿಕ್ಕಿಗೆ ಹೊರಳಿದವು. 1996ರ ಜನವರಿಯಲ್ಲಿ, ನಿಗದಿಗಿಂತ 21 ತಿಂಗಳು ಮೊದಲೇ, ಗುಳಿಗೆ ಕೊಡುವುದನ್ನು ನಿಲ್ಲಿಸಿದರು. ನಿಜವಾದ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 28%, ಒಟ್ಟು ಸಾವು 17% ಹೆಚ್ಚಾಗಿತ್ತು. ಕಲ್ನಾರಿನ ಕಾರ್ಮಿಕರನ್ನು ಮಾತ್ರ ಬೇರೆಯಾಗಿ ನೋಡಿದರೆ ಕ್ಯಾನ್ಸರಿನ ಏರಿಕೆ ಸುಮಾರು 40%. ಅವರ ಸಂಖ್ಯೆ ಕಡಿಮೆಯಿದ್ದುದರಿಂದ ಈ ಅಂಕಿಯೊಂದನ್ನೇ ಹಿಡಿದು ತೀರ್ಮಾನಿಸಲಾಗದು. ಆದರೆ ಗುಳಿಗೆ ಅವರನ್ನು ಕಾಯಲಿಲ್ಲ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಹೀಗೇಕಾಯಿತು? ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗುಳಿಗೆ ನುಂಗಿದವರ ರಕ್ತದಲ್ಲಿ ಬೀಟಾ ಕ್ಯಾರೋಟೀನ್ ಉಳಿದವರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಏರಿತ್ತು, ಊಟದಿಂದ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. 1999ರಲ್ಲಿ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳಿಗೆ ಹೆಚ್ಚು ಪ್ರಮಾಣದ ಬೀಟಾ ಕ್ಯಾರೋಟೀನ್ ಕೊಟ್ಟು ಸಿಗರೇಟಿನ ಹೊಗೆಯಲ್ಲಿಟ್ಟು ನೋಡಿದರು. ಕ್ಯಾನ್ಸರಿಗೆ ಮುನ್ನ ಕಾಣುವಂಥ ಬದಲಾವಣೆಗಳು ಅವುಗಳ ಶ್ವಾಸಕೋಶದಲ್ಲಿ ಕಂಡವು. ಹೊಗೆಯಿಂದ ಬೆಂದ ಶ್ವಾಸಕೋಶದಲ್ಲಿ ಕ್ಯಾರೋಟೀನ್ ತಾನೇ ಒಡೆದು, ಅದರ ತುಣುಕುಗಳು ಜೀವಕೋಶಗಳ ಬೆಳವಣಿಗೆಯ ಹತೋಟಿಯನ್ನು ಕೆಡಿಸುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ.

ಹಾಗಾದರೆ ಗಜ್ಜರಿ ತಿನ್ನಬಾರದೇ ಎಂದು ಯಾರೂ ಗಾಬರಿಯಾಗಬೇಕಿಲ್ಲ. ಅದೇ ಅಮೆರಿಕದ ಪ್ರಯೋಗದಲ್ಲಿ, ಔಷಧವಿಲ್ಲದ ಗುಳಿಗೆ ಪಡೆದವರ ಪೈಕಿ ಹಣ್ಣು ತರಕಾರಿ ಹೆಚ್ಚು ತಿನ್ನುತ್ತಿದ್ದವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಬಂದದ್ದು 2003ರ ವಿಶ್ಲೇಷಣೆಯಲ್ಲಿ ಕಂಡಿತು. ನಿಜವಾದ ಗುಳಿಗೆ ನುಂಗಿದವರಲ್ಲಿ ಆ ಲಾಭ ಕಾಣಲಿಲ್ಲ. ಪಲ್ಯದಲ್ಲಿರುವುದು ಒಂದು ವಸ್ತುವಲ್ಲ, ನೂರಾರು. ಅದರಿಂದ ಒಂದನ್ನು ಹೆಕ್ಕಿ, ರಾಶಿ ಮಾಡಿ ಕೊಟ್ಟರೆ ಅದು ಪಲ್ಯವಾಗುವುದಿಲ್ಲ.

ನಮ್ಮ ದೇಶದ ಮಾತಿಗೆ ಬರೋಣ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಲ್ನಾರಿನ ಉದ್ದಿಮೆಗಳಿಗೆ ಒಂದು ಆದೇಶ ಕೊಟ್ಟಿತು. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ರೋಗ ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು ನ್ಯಾಯಾಲಯವೂ ಮನಗಂಡಿತ್ತು. ಅರವತ್ತಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ನಮ್ಮಲ್ಲಿ ಬಿಳಿ ಕಲ್ನಾರು ಹೊರದೇಶದಿಂದ ಬಂದು ಸಿಮೆಂಟ್ ಶೀಟುಗಳಲ್ಲಿ ಸೇರುತ್ತಲೇ ಇದೆ.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟು. ಇಂಥ ಶೀಟನ್ನು ಒಣಗಿದ್ದಾಗ ಗರಗಸದಿಂದ ಕೊಯ್ಯಬೇಡಿ, ಹಳೆಯದನ್ನು ಉಜ್ಜಬೇಡಿ, ಒಡೆದ ಚೂರುಗಳನ್ನು ಮಕ್ಕಳು ಆಡುವ ಜಾಗದಲ್ಲಿ ಹಾಕಬೇಡಿ. ಬೀಡಿ ಸಿಗರೇಟು ಸೇದುವವರು, ಧೂಳಿನಲ್ಲಿ ದುಡಿದವರು ಬೀಟಾ ಕ್ಯಾರೋಟೀನ್ ಗುಳಿಗೆಯನ್ನು ತಾವಾಗಿ ಕೊಂಡು ನುಂಗಬೇಡಿ. ಸೇದುವುದನ್ನು ಬಿಟ್ಟರೆ ಅದಕ್ಕಿಂತ ದೊಡ್ಡ ರಕ್ಷಣೆ ಅವರಿಗೆ ಬೇರೆ ಇಲ್ಲ. ಎದೆಗಿಳಿದ ಧೂಳನ್ನು ತೆಗೆಯುವ ಸೊಪ್ಪನ್ನಾಗಲಿ ಗುಳಿಗೆಯನ್ನಾಗಲಿ ಇದುವರೆಗೆ ಯಾರೂ ಕಂಡುಹಿಡಿದಿಲ್ಲ. ಧೂಳು ಎದೆಗೆ ಇಳಿಯದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.