ಜನ್ಮಸ್ಥಳವೂ ಸರದಿಯೂ: ಅಮೆರಿಕದ ಶಾಶ್ವತ ನಿವಾಸದ ಕಾನೂನು ಮತ್ತು ಭಾರತೀಯ ಉದ್ಯೋಗಿಗಳು

ಪರದೇಶದಲ್ಲಿ ದುಡಿಯಲು ಹೋದವನಿಗೆ ಆ ದೇಶದ ಕಾನೂನು ಕೊಡಬಹುದಾದ ಅನುಮತಿಗಳು ಎರಡು ಬಗೆಯವು. ಗೊತ್ತುಪಡಿಸಿದ ಕಾಲದವರೆಗೆ ಮಾತ್ರ ಇದ್ದು ಕೆಲಸಮಾಡುವ ಅನುಮತಿ ಒಂದು. ಅಲ್ಲಿಯೇ ಸ್ಥಿರವಾಗಿ ನೆಲಸುವ ಅನುಮತಿ ಮತ್ತೊಂದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಎರಡನೆಯದಕ್ಕೆ ‘ಗ್ರೀನ್ ಕಾರ್ಡ್’ ಎಂಬ ಹೆಸರು ರೂಢಿಯಲ್ಲಿದೆ. ಮೊದಲನೆಯ ಅನುಮತಿಯಿಂದ ಆ ದೇಶಕ್ಕೆ ಹೋದ ಭಾರತೀಯನು ಎರಡನೆಯದಕ್ಕಾಗಿ ಅರ್ಜಿ ಹಾಕಿ ಹತ್ತು, ಹದಿನೈದು ವರ್ಷ ಕಾಯುವುದು ಇಂದು ಅಪರೂಪವಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಕಾಲೇಜುಗಳಲ್ಲಿ ಕಲಿತು ಹೋದ ಅನೇಕರ ಯೌವನದ ಬಹುಭಾಗ ಈ ನಿರೀಕ್ಷೆಯಲ್ಲಿಯೇ ಕಳೆದಿದೆ. ಆದಕಾರಣ ಇದನ್ನು ಕೇವಲ ವ್ಯಕ್ತಿಗಳ ಕಷ್ಟವೆಂದು ಬಿಡದೆ, ಇತಿಹಾಸದ ವಿಷಯವೆಂದು ಪರಿಗಣಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಈ ವಿಳಂಬಕ್ಕೆ ಲೋಕರೂಢಿಯಲ್ಲಿ ಹೇಳುವ ಕಾರಣಗಳು ಎರಡು. ಅಲ್ಲಿನ ಕಚೇರಿಗಳ ನಿಧಾನವೇ ಕಾರಣವೆಂಬುದು ಒಂದು ಮತ. ಭಾರತೀಯರ ಮೇಲಣ ವರ್ಣದ್ವೇಷವೇ ಕಾರಣವೆಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಶಾಸನಗಳನ್ನು ಅನುಕ್ರಮವಾಗಿ ಪರಿಶೀಲಿಸಿದಲ್ಲಿ ಮೂಲಕಾರಣ ಬೇರೆಡೆ ಇರುವುದು ಕಂಡುಬರುತ್ತದೆ. ದೇಶದೇಶಗಳ ನಡುವೆ ಸಮಾನತೆಯನ್ನು ಸ್ಥಾಪಿಸಲು ಹೊರಟ ಒಂದು ನಿಯಮವೇ ವ್ಯಕ್ತಿವ್ಯಕ್ತಿಗಳ ನಡುವೆ ಅಸಮಾನತೆಯನ್ನು ಹುಟ್ಟಿಸಿದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ನೋಡೋಣ. 1917ರ ವಲಸೆ ಶಾಸನವು ಏಷ್ಯಾದ ಬಹುಭಾಗವನ್ನು ನಿಷಿದ್ಧ ವಲಯವೆಂದು ಸಾರಿತು. ಭಾರತವೂ ಅದರೊಳಗೆ ಸೇರಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವರ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಪೌರತ್ವದ ಕಾನೂನಿನಲ್ಲಿರುವ ‘ಬಿಳಿಯ ವ್ಯಕ್ತಿ’ ಎಂಬ ಮಾತು ಸಾಮಾನ್ಯ ಜನರ ತಿಳಿವಳಿಕೆಯಂತೆ ಭಾರತೀಯರಿಗೆ ಅನ್ವಯಿಸದೆಂದು ತೀರ್ಪಿತ್ತಿತು. ಅದಕ್ಕೆ ಮುಂಚೆ ಪೌರತ್ವ ಪಡೆದಿದ್ದ ಕೆಲವು ಭಾರತೀಯರು ಆ ತೀರ್ಪಿನ ತರುವಾಯ ಅದನ್ನು ಕಳೆದುಕೊಂಡರು. 1924ರ ಶಾಸನವು ಒಂದೊಂದು ದೇಶಕ್ಕೆ ಒಂದೊಂದು ಕೋಟಾವನ್ನು ಗೊತ್ತುಮಾಡಿತು. ಪೌರತ್ವಕ್ಕೆ ಅನರ್ಹರೆನಿಸಿದವರಿಗೆ ಆ ಕೋಟಾದಲ್ಲಿಯೂ ಪ್ರವೇಶವಿರಲಿಲ್ಲ. ಹೀಗೆ ಬಾಗಿಲು ಸಂಪೂರ್ಣವಾಗಿ ಮುಚ್ಚಿತು.

1946ರ ಲೂಸ್–ಸೆಲ್ಲರ್ ಶಾಸನ ಈ ಬಾಗಿಲನ್ನು ತುಸುವೇ ತೆರೆಯಿತು. ಭಾರತೀಯರಿಗೆ ಪೌರತ್ವದ ಅರ್ಹತೆ ದೊರೆಯಿತು. ಭಾರತಕ್ಕೆ ವರ್ಷಕ್ಕೆ 100 ವಲಸೆಗಾರರ ಕೋಟಾ ನಿಗದಿಯಾಯಿತು. 1920ರಲ್ಲಿ ವಿದ್ಯಾರ್ಥಿಯಾಗಿ ಹೋಗಿ ಬರ್ಕ್ಲಿಯಲ್ಲಿ ಗಣಿತಶಾಸ್ತ್ರದ ಡಾಕ್ಟರೇಟ್ ಪದವಿ ಪಡೆದ ದಲೀಪ್ ಸಿಂಗ್ ಸೌಂದ್ ಅವರು ಪೌರರಾದದ್ದು 1949ರಲ್ಲಿ. 1956ರಲ್ಲಿ ಅವರು ಅಮೆರಿಕದ ಕಾಂಗ್ರೆಸ್ಸಿಗೆ ಚುನಾಯಿತರಾದರು. ನಿರೀಕ್ಷೆಯ ಇತಿಹಾಸ ಇತ್ತೀಚಿನದಲ್ಲ ಎಂಬುದಕ್ಕೆ ಇದೊಂದು ನಿದರ್ಶನ ಸಾಕು. 1952ರ ಶಾಸನದಲ್ಲಿಯೂ ಏಷ್ಯಾದವರನ್ನು ಎಣಿಸುವಾಗ ಹುಟ್ಟಿದ ಊರಿಗಿಂತ ವಂಶವೇ ಮುಖ್ಯವಾಗಿತ್ತು. ಲಂಡನ್ನಿನಲ್ಲಿ ಹುಟ್ಟಿದ ಭಾರತೀಯನೂ ಭಾರತದ 100ರ ಲೆಕ್ಕಕ್ಕೇ ಬರುತ್ತಿದ್ದನು.

ಈ ವ್ಯವಸ್ಥೆಯನ್ನು ಮುರಿದದ್ದು 1965ರ ಹಾರ್ಟ್–ಸೆಲ್ಲರ್ ಶಾಸನ. ಆ ವರ್ಷದ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಅವರು ಸ್ವಾತಂತ್ರ್ಯ ಪ್ರತಿಮೆಯ ಬುಡದಲ್ಲಿ ಇದಕ್ಕೆ ಸಹಿಹಾಕಿದರು. ಜನಾಂಗದ ಎಣಿಕೆ ಹೋಯಿತು. ಅದರ ಸ್ಥಾನದಲ್ಲಿ ಜನ್ಮಸ್ಥಳದ ಎಣಿಕೆ ಬಂದಿತು. ಪೂರ್ವಾರ್ಧಗೋಳಕ್ಕೆ ವರ್ಷಕ್ಕೆ ಒಟ್ಟು 1,70,000 ವೀಸಾಗಳೆಂದೂ ಅದರೊಳಗೆ ಯಾವ ಒಂದು ದೇಶಕ್ಕೂ 20,000ಕ್ಕೆ ಮೀರಕೂಡದೆಂದೂ ವಿಧಿಸಲಾಯಿತು. ಬ್ರಿಟನ್ನಿಗೂ ಭಾರತಕ್ಕೂ ಒಂದೇ ಮಿತಿ. ಅದುವರೆಗಿನ ಪಕ್ಷಪಾತವನ್ನು ನೆನೆದರೆ ಇದು ದೊಡ್ಡ ನ್ಯಾಯವೇ ಸರಿ. ಭಾರತದ ವೈದ್ಯರೂ ಇಂಜಿನಿಯರುಗಳೂ ಅಧ್ಯಾಪಕರೂ ಗಣನೀಯ ಸಂಖ್ಯೆಯಲ್ಲಿ ಅಲ್ಲಿ ನೆಲಸಿದ್ದು ಈ ಶಾಸನದ ಫಲ. ಆದುದರಿಂದ 1965ರ ನಿಯಮವು 1924ರ ನಿಯಮದ ವೇಷಾಂತರವೆಂದು ಹೇಳುವವರ ಮಾತನ್ನು ನಾವು ಒಪ್ಪಲಾರೆವು.

ಆದರೂ ಇಂದಿನ ಸಂಕಟದ ಬೀಜ ಆ ನಿಯಮದಲ್ಲಿಯೇ ಅಡಗಿತ್ತು. ಅದು ಫಲಕ್ಕೆ ಬಂದದ್ದು 1990ರ ಶಾಸನದಿಂದ. ಈ ಶಾಸನವು ಒಂದೇ ಮನೆಗೆ ಎರಡು ಬಾಗಿಲುಗಳನ್ನಿಟ್ಟಿತು. ಆದರೆ ಅವನ್ನು ಬೇರೆ ಬೇರೆ ಅಳತೆಗೋಲಿನಿಂದ ಅಳೆಯಿತು. ತಾತ್ಕಾಲಿಕ ಉದ್ಯೋಗಕ್ಕೆ ‘ಎಚ್-1ಬಿ’ ಎಂಬ ವೀಸಾ. ಇದಕ್ಕೆ ವರ್ಷಕ್ಕೆ 65,000 ಎಂಬ ಒಟ್ಟು ಮಿತಿಯಿತ್ತೇ ಹೊರತು ದೇಶವಾರು ಮಿತಿಯಿರಲಿಲ್ಲ. ಉದ್ಯೋಗದ ಆಧಾರದ ಮೇಲೆ ಕೊಡುವ ಶಾಶ್ವತ ನಿವಾಸಕ್ಕಾದರೋ ವರ್ಷಕ್ಕೆ 1,40,000 ಎಂಬ ಒಟ್ಟು ಮಿತಿಯ ಜೊತೆಗೆ, ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡ 7 ಎಂಬ ಮಿತಿಯೂ ಇದೆ. ಅಂದರೆ ಸುಮಾರು 9,800. ಅರ್ಜಿದಾರನ ಹೆಂಡತಿ ಮಕ್ಕಳೂ ಇದೇ ಲೆಕ್ಕಕ್ಕೆ ಸೇರುತ್ತಾರೆ. ಸುಮಾರು 140 ಕೋಟಿ ಜನರಿರುವ ಭಾರತಕ್ಕೂ ನಾಲ್ಕು ಲಕ್ಷದ ಆಸುಪಾಸಿನ ಜನಸಂಖ್ಯೆಯ ಐಸ್‌ಲೆಂಡಿಗೂ ಈ ಮಿತಿ ಒಂದೇ.

ಇದೇ ಕಾಲದಲ್ಲಿ ನಮ್ಮ ನಾಡಿನಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. 1985ರಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ತರುವಾಯದ ಹದಿನೈದು ವರ್ಷಗಳಲ್ಲಿ ಕಂಪ್ಯೂಟರ್ ತಂತ್ರಾಂಶದ ಉದ್ಯಮ ಇಲ್ಲಿ ಬೇರೂರಿತು. ಶತಮಾನದ ಕೊನೆಗೆ ಕಂಪ್ಯೂಟರುಗಳಲ್ಲಿ ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದುದರ ದೋಷವನ್ನು ತಿದ್ದಲು ಅಮೆರಿಕಕ್ಕೆ ಅಪಾರ ಸಂಖ್ಯೆಯ ನಿಪುಣರು ಬೇಕಾದರು. ಅಲ್ಲಿನ ಕಾಂಗ್ರೆಸ್ಸು ಎಚ್-1ಬಿ ಮಿತಿಯನ್ನು 1999ರ ಆರ್ಥಿಕ ವರ್ಷಕ್ಕೆ 1,15,000ಕ್ಕೂ, 2001ರಿಂದ 2003ರವರೆಗೆ 1,95,000ಕ್ಕೂ ಏರಿಸಿತು. ಶಾಶ್ವತ ನಿವಾಸದ 1,40,000 ಮಾತ್ರ ಇದ್ದಲ್ಲಿಯೇ ಉಳಿಯಿತು. ಈಚಿನ ವರ್ಷಗಳಲ್ಲಿ ಮಂಜೂರಾದ ಎಚ್-1ಬಿ ಅರ್ಜಿಗಳಲ್ಲಿ ಸರಿಸುಮಾರು ಶೇಕಡ 70ರಷ್ಟು ಭಾರತೀಯರವು. ಒಂದು ಬಾಗಿಲಿನಿಂದ ಶೇಕಡ 70, ಇನ್ನೊಂದರಿಂದ ಶೇಕಡ 7. ಎರಡು ಬಾಗಿಲುಗಳ ನಡುವಣ ಪಡಸಾಲೆ ಜನರಿಂದ ತುಂಬಿತೆಂಬುದರಲ್ಲಿ ಆಶ್ಚರ್ಯವೇನು?

ಅರ್ಜಿಯ ಕ್ರಮವನ್ನು ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಸಂಗ್ರಹವಾಗಿ ಹೇಳಬಹುದು. ಆ ಕೆಲಸಕ್ಕೆ ತಕ್ಕ ಅಮೆರಿಕನ್ನರು ದೊರೆಯಲಿಲ್ಲವೆಂದು ಕಾರ್ಮಿಕ ಇಲಾಖೆಯಿಂದ ದೃಢೀಕರಣವನ್ನು ಧಣಿಯು ಮೊದಲು ಪಡೆಯಬೇಕು. ಅದಾದ ಮೇಲೆ ವಲಸೆ ಇಲಾಖೆಗೆ ಉದ್ಯೋಗಿಯ ಪರವಾಗಿ ಮನವಿ ಸಲ್ಲಿಸಬೇಕು. ಕೊನೆಯದಾಗಿ ಉದ್ಯೋಗಿಯೇ ಶಾಶ್ವತ ನಿವಾಸಕ್ಕೆ ಅರ್ಜಿ ಹಾಕಬೇಕು. ಬಹುಮಂದಿಯ ವಿಷಯದಲ್ಲಿ, ಮೊದಲನೆಯ ಹಂತದ ಅರ್ಜಿ ಸೇರಿದ ದಿನವೇ ಅವರ ಆದ್ಯತೆಯ ದಿನಾಂಕ. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ‘ವೀಸಾ ಬುಲೆಟಿನ್’ ಎಂಬ ಪ್ರಕಟಣೆಯಲ್ಲಿ, ಯಾವ ದೇಶದವರ ಯಾವ ವರ್ಗದ ಸರದಿ ಯಾವ ದಿನಾಂಕದವರೆಗೆ ಬಂದಿದೆಯೆಂಬುದು ಅಚ್ಚಾಗುತ್ತದೆ. ತನ್ನ ದಿನಾಂಕಕ್ಕೆ ಸರದಿ ಬರುವವರೆಗೆ ಕೊನೆಯ ಹಂತ ಮುಗಿಯದು. ಆ ದಿನಾಂಕಗಳು ಸದಾ ಮುಂದಕ್ಕೇ ಸಾಗುವುದೂ ಇಲ್ಲ; ಬೇಡಿಕೆ ಹೆಚ್ಚಿದಾಗ ಹಿಂದಕ್ಕೆ ಸರಿಯುತ್ತವೆ. ಭಾರತೀಯರ ಸರದಿ 2005ರಲ್ಲಿ ಹೀಗೆ ಹಿಂದೆ ಸರಿದಂದಿನಿಂದ ಈ ಬುಲೆಟಿನ್ನನ್ನು ಅವರು ಪಂಚಾಂಗದಂತೆ ತಿಂಗಳು ತಿಂಗಳೂ ನೋಡತೊಡಗಿದರು.

ಜನ್ಮಸ್ಥಳದ ಈ ನಿಯಮ ಎಂತಹ ವೈಚಿತ್ರ್ಯಕ್ಕೆ ದಾರಿ ಮಾಡುತ್ತದೆಂಬುದಕ್ಕೆ ನಮ್ಮ ಕರಾವಳಿಯಿಂದಲೇ ಉದಾಹರಣೆ ಕೊಡಬಹುದು. ಕುವೈತಿನಲ್ಲಿ ದುಡಿಯಲು ಹೋದ ಉಡುಪಿ, ಮಂಗಳೂರು ಕಡೆಯ ದಂಪತಿಗಳಿಗೆ ಒಂದು ಮಗು ಊರಿನಲ್ಲಿ, ಇನ್ನೊಂದು ಕುವೈತಿನಲ್ಲಿ ಹುಟ್ಟಿತೆಂದು ಭಾವಿಸೋಣ. ಇಬ್ಬರೂ ಭಾರತೀಯ ಪ್ರಜೆಗಳು. ಒಂದೇ ಕಾಲೇಜಿನಲ್ಲಿ ಓದಿ, ಒಂದೇ ದಿನ ಅಮೆರಿಕದಲ್ಲಿ ಒಂದೇ ಕೆಲಸಕ್ಕೆ ಸೇರಿದವರು. ಆದರೂ ಕುವೈತಿನಲ್ಲಿ ಹುಟ್ಟಿದವನು ಕುವೈತಿನ ಲೆಕ್ಕಕ್ಕೆ ಸೇರಿ ಬೇಗನೆ ಶಾಶ್ವತ ನಿವಾಸಿಯಾಗುತ್ತಾನೆ. ಊರಿನಲ್ಲಿ ಹುಟ್ಟಿದವನು ಕಾಯುತ್ತಾನೆ. ವರ್ಣದ್ವೇಷದ ವಾದ ಇಲ್ಲಿ ನಿಲ್ಲುವುದಿಲ್ಲ. ಯೋಗ್ಯತೆಯ ವಾದವೂ ನಿಲ್ಲುವುದಿಲ್ಲ. ಅಣ್ಣತಮ್ಮಂದಿರ ನಡುವಣ ಅಂತರ ಹೆರಿಗೆಯ ಮನೆ ಯಾವ ಊರಿನಲ್ಲಿತ್ತೆಂಬುದು ಮಾತ್ರ.

ಈ ನಿರೀಕ್ಷೆಯ ಬೆಲೆಯನ್ನು ವರ್ಷಗಳಿಂದ ಮಾತ್ರ ಅಳೆಯಲಾಗದು. ಅರ್ಜಿ ಧಣಿಯ ಕೈಯಲ್ಲಿರುವುದರಿಂದ ಉದ್ಯೋಗಿಯ ಸ್ವಾತಂತ್ರ್ಯ ಮೊಟಕಾಗುತ್ತದೆ. ಕೆಲಸ ಬಿಟ್ಟು ಬೇರೆಡೆಗೆ ಹೋದರೆ, ಮನವಿ ಮಂಜೂರಾಗಿದ್ದ ಪಕ್ಷದಲ್ಲಿ ಆದ್ಯತೆಯ ದಿನಾಂಕ ಉಳಿದೀತು. ಆದರೆ ದೃಢೀಕರಣವನ್ನೂ ಮನವಿಯನ್ನೂ ಹೊಸ ಧಣಿಯು ಸಾಮಾನ್ಯವಾಗಿ ಮೊದಲಿನಿಂದ ಆರಂಭಿಸಬೇಕು. 2000ದ ಶಾಸನವೊಂದು ಇದಕ್ಕೆ ಕೆಲವು ಪರಿಹಾರಗಳನ್ನು ಕಲ್ಪಿಸಿತು. ಆರು ವರ್ಷದ ಎಚ್-1ಬಿ ಅವಧಿ ಮುಗಿದರೂ ಸರದಿಯಲ್ಲಿರುವವರು ಅದನ್ನು ಮತ್ತೆ ಮತ್ತೆ ವಿಸ್ತರಿಸಿಕೊಳ್ಳಬಹುದು. ಕೊನೆಯ ಹಂತದ ಅರ್ಜಿ 180 ದಿನ ಇತ್ಯರ್ಥವಾಗದೆ ಉಳಿದರೆ ಅದೇ ಬಗೆಯ ಬೇರೆ ಕೆಲಸಕ್ಕೆ ಹೋಗಬಹುದು. ಇವು ಉಪಕಾರಗಳೇ. ಆದರೆ ಇವುಗಳಿಂದ ಸರದಿ ಕಿರಿದಾಗಲಿಲ್ಲ. ಕಾಯುವಿಕೆಯೇ ಒಂದು ಕಾನೂನುಬದ್ಧ ಜೀವನಕ್ರಮವಾಯಿತು.

ಕುಟುಂಬದ ಮೇಲಣ ಪರಿಣಾಮ ಇನ್ನೂ ಗಂಭೀರವಾದುದು. ಎಚ್-1ಬಿ ಉದ್ಯೋಗಿಯ ಹೆಂಡತಿಗೆ, ಅಥವಾ ಗಂಡನಿಗೆ, ಆ ಸಂಬಂಧದ ವೀಸಾದ ಮೇಲೆ ದುಡಿಯುವ ಅನುಮತಿಯೇ 2015ರವರೆಗೆ ಇರಲಿಲ್ಲ. ಆ ವರ್ಷದ ನಿಯಮವು, ಸರದಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಅದನ್ನು ಕೊಟ್ಟಿತು. ಅದಕ್ಕೆ ಮುನ್ನ ಪದವೀಧರೆಯರಾದ ಎಷ್ಟೋ ಹೆಣ್ಣುಮಕ್ಕಳು ತಮ್ಮ ವಿದ್ಯೆಯನ್ನು ಅಡುಗೆಮನೆಯಲ್ಲಿ ಕಟ್ಟಿಡಬೇಕಾಯಿತು. ಮಕ್ಕಳ ಪಾಡೂ ಇಂಥದೇ. ತಂದೆತಾಯಿಗಳ ಜೊತೆ ಎಳೆತನದಲ್ಲಿ ಹೋದ ಮಗು 21 ವರ್ಷ ತುಂಬಿದೊಡನೆ ಅವರ ಅರ್ಜಿಯಿಂದ ಹೊರಗಾಗುತ್ತದೆ. 2002ರ ಶಾಸನವು ಕಚೇರಿಯಲ್ಲಿ ಮನವಿ ಪರಿಶೀಲನೆಯಲ್ಲಿದ್ದ ಕಾಲವನ್ನು ವಯಸ್ಸಿನಿಂದ ಕಳೆಯಲು ಒಪ್ಪಿತಾದರೂ, ಸರದಿಯಲ್ಲಿ ಕಾದ ಕಾಲವನ್ನು ಕಳೆಯಲಿಲ್ಲ. ಭಾರತೀಯರಿಗೆ ದೀರ್ಘವಾದುದು ಈ ಎರಡನೆಯ ಕಾಲವೇ ಎಂಬುದನ್ನು ಗಮನಿಸಬೇಕು.

ಇಷ್ಟಾದರೂ ಈ ಜನ ಪ್ರತಿಭಟಿಸಿದ್ದು ವಿರಳ. ಕಾಯುವವನು ದನಿಯೆತ್ತಲು ಹೆದರುವುದು ಸಹಜ. 2007ರ ಪ್ರಸಂಗವೊಂದು ಇದಕ್ಕೆ ಅಪವಾದ. ಆ ವರ್ಷದ ಜುಲೈ ತಿಂಗಳಲ್ಲಿ ಉದ್ಯೋಗದ ಬಹುತೇಕ ಎಲ್ಲ ವರ್ಗಗಳವರೂ ಕೊನೆಯ ಹಂತದ ಅರ್ಜಿ ಸಲ್ಲಿಸಬಹುದೆಂದು ಬುಲೆಟಿನ್ ಸಾರಿತು. ಜನ ಪ್ರಯಾಣಗಳನ್ನು ನಿಲ್ಲಿಸಿ, ವೈದ್ಯಪರೀಕ್ಷೆ ಮಾಡಿಸಿ, ಕಾಗದಪತ್ರಗಳನ್ನು ಹೊಂದಿಸಿಕೊಂಡರು. ಜುಲೈ 2ರಂದು, ಆ ವರ್ಷದ ವೀಸಾಗಳೆಲ್ಲ ಮುಗಿದುವೆಂದು ಹೇಳಿ ಪ್ರಕಟಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಅರ್ಜಿದಾರರು ಬೈಗುಳಕ್ಕೆ ಹೋಗದೆ ಗಾಂಧೀಜಿಯ ಹೆಸರು ಹೇಳಿ ವಲಸೆ ಇಲಾಖೆಯ ನಿರ್ದೇಶಕರಿಗೆ ನೂರಾರು ಹೂಗುಚ್ಛಗಳನ್ನು ಕಳುಹಿಸಿದರು. ಆ ಹೂಗಳನ್ನು ಗಾಯಾಳು ಸೈನಿಕರ ಆಸ್ಪತ್ರೆಗೆ ಕಳುಹಿಸುವುದಾಗಿ ನಿರ್ದೇಶಕರು ತಿಳಿಸಿದರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ಮೆರವಣಿಗೆಯೂ ನಡೆಯಿತು. ನ್ಯಾಯಾಲಯದ ಭಯವೂ ಸೇರಿ, ಜುಲೈ 17ರಂದು ಸರ್ಕಾರ ತನ್ನ ನಿರ್ಧಾರವನ್ನು ಬದಲಿಸಿ ಆಗಸ್ಟ್ 17ರವರೆಗೆ ಅರ್ಜಿಗಳನ್ನು ಸ್ವೀಕರಿಸಿತು. ಆದರೆ ದೊರೆತದ್ದು ಅರ್ಜಿ ಹಾಕುವ ಹಕ್ಕು ಮಾತ್ರ. ಅನೇಕರಿಗೆ ಕಾರ್ಡು ಬರಲು ಮತ್ತೆ ಹಲವು ವರ್ಷಗಳು ಹಿಡಿದುವು.

ಕಚೇರಿಗಳ ನಿಧಾನದ ಪಾತ್ರವನ್ನೂ ನಾವು ಅಲ್ಲಗಳೆಯುವಂತಿಲ್ಲ. ಕೋವಿಡ್ ಪಿಡುಗಿನಿಂದ 2020ರಲ್ಲಿ ಬಳಕೆಯಾಗದೆ ಉಳಿದ ಕುಟುಂಬ ವರ್ಗದ ವೀಸಾಗಳು ಉದ್ಯೋಗ ವರ್ಗಕ್ಕೆ ಸೇರಿ, 2021ರ ಆರ್ಥಿಕ ವರ್ಷದಲ್ಲಿ ಆ ಮಿತಿ 2,62,000ಕ್ಕೆ ಏರಿತು. ಆದರೆ ವರ್ಷಾಂತ್ಯದೊಳಗೆ ಇತ್ಯರ್ಥವಾಗದೆ ಸುಮಾರು 66,000 ವೀಸಾಗಳು ವ್ಯರ್ಥವಾದುವು. ತುಂಬಿದ ಕೆರೆಯ ಮುಂದೆ ಬಾಯಾರಿ ನಿಂತಂತಾಯಿತು. ಆದರೂ ಕಚೇರಿಗಳು ಎಷ್ಟೇ ಚುರುಕಾದರೂ ಸಾಮಾನ್ಯ ವರ್ಷಗಳಲ್ಲಿ ಶೇಕಡ 7ರ ಗೋಡೆ ಹಾಗೆಯೇ ನಿಲ್ಲುತ್ತದೆ. ವಾಷಿಂಗ್ಟನ್ನಿನ ಕೇಟೋ ಸಂಸ್ಥೆಯ 2018ರ ಗಣನೆಯಂತೆ, ಉನ್ನತ ಪದವಿಯ ವರ್ಗದಲ್ಲಿ ಆಗ ಅರ್ಜಿ ಹಾಕುವ ಭಾರತೀಯನು ಸುಮಾರು 150 ವರ್ಷ ಕಾಯಬೇಕಾಗಿತ್ತು. ಮನುಷ್ಯನ ಆಯುಷ್ಯವನ್ನು ಮೀರಿದ ಸರದಿಯನ್ನು ಸರದಿಯೆಂದು ಕರೆಯುವುದು ಮಾತಿಗೆ ಮಾಡುವ ಅಪಚಾರವೇ ಸರಿ.

ದೇಶವಾರು ಮಿತಿಯನ್ನು ಸಮರ್ಥಿಸುವವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ಮಿತಿಯನ್ನು ತೆಗೆದರೆ ಒಂದೆರಡು ದೇಶದವರೂ ಒಂದೇ ಉದ್ಯಮದವರೂ ಬಹುಪಾಲು ವೀಸಾಗಳನ್ನು ಪಡೆದು, ಸಣ್ಣ ದೇಶಗಳ ದಾದಿಯರೂ ಸಂಶೋಧಕರೂ ಹೊಸದಾಗಿ ಕಾಯಬೇಕಾಗುತ್ತದೆಂಬುದು ಅವರ ಆಕ್ಷೇಪ. ಇದು ಹುರುಳಿಲ್ಲದ ಮಾತಲ್ಲ. ಒಟ್ಟು ಸಂಖ್ಯೆ ಹೆಚ್ಚದೆ ಮಿತಿಯನ್ನು ಮಾತ್ರ ತೆಗೆದರೆ ಕಷ್ಟದ ಹಂಚಿಕೆ ಬದಲಾದೀತೇ ಹೊರತು ಕಷ್ಟ ಕಡಿಮೆಯಾಗದು. ಮಿತಿಯನ್ನು ತೆಗೆಯುವ ಮಸೂದೆಯನ್ನು 2019ರ ಜುಲೈಯಲ್ಲಿ ಕೆಳಮನೆ 365–65 ಮತಗಳಿಂದ ಅಂಗೀಕರಿಸಿತು. 2020ರ ಡಿಸೆಂಬರಿನಲ್ಲಿ ಸೆನೆಟ್ಟು ತನ್ನದೇ ರೂಪದಲ್ಲಿ ಒಪ್ಪಿತು. ಎರಡು ರೂಪಗಳು ಹೊಂದದೆ ಮಸೂದೆ ಬಿದ್ದುಹೋಯಿತು.

ಈ ಸಮೀಕ್ಷೆಯಿಂದ ಇಷ್ಟನ್ನು ಹೇಳಬಹುದು. 1924ರ ಶಾಸನ ಅನ್ಯಾಯವನ್ನು ಉದ್ದೇಶಿಸಿ ಅನ್ಯಾಯ ಮಾಡಿತು. 1965ರ ಮತ್ತು 1990ರ ಶಾಸನಗಳು ನ್ಯಾಯವನ್ನು ಉದ್ದೇಶಿಸಿದರೂ, ದುಡಿಮೆಗೆ ಕರೆಯುವಾಗ ವ್ಯಕ್ತಿಯನ್ನೂ ನೆಲಸಲು ಬಿಡುವಾಗ ದೇಶವನ್ನೂ ಎಣಿಸಿದ್ದರಿಂದ, ಒಂದು ಪೀಳಿಗೆಯನ್ನೇ ಹೊಸ್ತಿಲ ಮೇಲೆ ನಿಲ್ಲಿಸಿದುವು. ಶಾಸನದ ಉದ್ದೇಶವನ್ನು ಓದಿ ಅದರ ಪರಿಣಾಮವನ್ನು ಊಹಿಸಬಾರದೆಂಬ ಪಾಠ ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಸ್ಪಷ್ಟವಾಗಿ ದೊರೆಯುತ್ತದೆ.

ಈ ಪೀಳಿಗೆಯ ಚರಿತ್ರೆಗೆ ಬೇಕಾದ ಆಕರಗಳು ವಾಷಿಂಗ್ಟನ್ನಿನಲ್ಲಿ ಮಾತ್ರವೇ ಇಲ್ಲ. ವೀಸಾದ ಸಂದರ್ಶನಕ್ಕಾಗಿ ದಶಕಗಳ ಕಾಲ ಚೆನ್ನೈಗೆ ಹೋಗಿಬಂದವರ ಕಾಗದಗಳು, ತಂದೆಯ ಕೊನೆಗಾಲಕ್ಕೆ ಬರಲಾಗದೆ ಬರೆದ ಪತ್ರಗಳು, ಅಮೆರಿಕದ ಕನ್ನಡ ಕೂಟಗಳ ಸ್ಮರಣಸಂಚಿಕೆಗಳು ನಮ್ಮ ಬೀದಿಗಳ ಮನೆಗಳಲ್ಲಿಯೇ ಇವೆ. ಅವು ಹಳೆಯ ಕಾಗದದ ಅಂಗಡಿಯನ್ನು ಸೇರುವ ಮೊದಲೇ ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಸಂಗ್ರಹಕಾರ್ಯಕ್ಕೆ ತೊಡಗುವುದು ಅವಶ್ಯಕ.