ಎಡಗಡೆ ಸದ್ದಿಲ್ಲ: ನಾಲ್ಕು ತಂತಿಗಳ ಚರಿತ್ರೆ

ರೆಕಾರ್ಡ್ ಪ್ಲೇಯರಿಗೆ ಹೊಸ ಕಾರ್ಟ್ರಿಡ್ಜ್ (ಮುಳ್ಳು ಹೊತ್ತ ಪುಟ್ಟ ಭಾಗ) ಕೂರಿಸಿ ಪ್ಲೇಟಿನ ಮೇಲೆ ಮುಳ್ಳು ಇಳಿಸಿದರೆ ಬಲಗಡೆಯ ಸ್ಪೀಕರ್ ಹಾಡುತ್ತದೆ, ಎಡಗಡೆಯದು ಬಾಯಿ ಬಿಡುವುದಿಲ್ಲ. ಅನುಮಾನ ಮೊದಲು ಹೊಸದಾಗಿ ಬಂದ ವಸ್ತುವಿನ ಮೇಲೆಯೇ. ನಿನ್ನೆಯವರೆಗೆ ಎರಡೂ ಕಡೆ ಕೇಳುತ್ತಿತ್ತು, ಇಂದು ಬದಲಾದದ್ದು ಕಾರ್ಟ್ರಿಡ್ಜ್ ಒಂದೇ, ಹಾಗಾಗಿ ಕೆಟ್ಟಿರುವುದೂ ಅದೇ ಎಂಬ ತರ್ಕ ಸಹಜ. ಆದರೆ ಈ ತೊಂದರೆ ಹುಟ್ಟಿದ ಬಗೆಯನ್ನು ನೋಡಿದರೆ ಬೊಟ್ಟು ಬೇರೆ ಕಡೆ ತಿರುಗುತ್ತದೆ. 1950ರ ದಶಕದ ಕೊನೆಯವರೆಗೆ ಮನೆಯ ಗ್ರಾಮಫೋನಿಗೆ ಹೀಗೆ ಅರ್ಧ ಮೌನವಾಗುವುದು ಸಾಧ್ಯವೇ ಇರಲಿಲ್ಲ. ಸದ್ದಿದ್ದರೆ ಪೂರ್ತಿ ಇತ್ತು, ಇಲ್ಲದಿದ್ದರೆ ಪೂರ್ತಿ ಇರಲಿಲ್ಲ. ಪ್ಲೇಟಿನ ಒಂದೇ ಗೀರಿನಲ್ಲಿ ಎರಡು ದನಿಗಳನ್ನು ಇಟ್ಟು, ಅವುಗಳ ಕೊನೆಯ ಜೋಡಣೆಯನ್ನು ಕೇಳುಗನ ಬೆರಳಿಗೆ ಬಿಟ್ಟುಕೊಟ್ಟ ದಿನದಿಂದ ಒಂದು ಕಡೆ ಮಾತ್ರ ಸದ್ದಡಗುವ ತೊಂದರೆ ಶುರುವಾಯಿತು.

ಎಡಿಸನ್ 1877ರಲ್ಲಿ ಮಾಡಿದ ಯಂತ್ರದಲ್ಲಿ ಮುಳ್ಳು ಮೇಲೆ ಕೆಳಗೆ ಕುಣಿಯುತ್ತಿತ್ತು. ಹತ್ತು ವರ್ಷದ ನಂತರ ಎಮಿಲ್ ಬರ್ಲಿನರ್ ಅದನ್ನು ಅಕ್ಕಪಕ್ಕಕ್ಕೆ ಓಲಾಡಿಸಿದ. ಚಪ್ಪಟೆ ಪ್ಲೇಟಿನಲ್ಲಿ ಗೆದ್ದದ್ದು ಬರ್ಲಿನರನ ದಾರಿ. ಆ ಕಾಲದ ಗ್ರಾಮಫೋನಿನಲ್ಲಿ ತಂತಿಯೇ ಇರಲಿಲ್ಲ. ಮುಳ್ಳಿನ ನಡುಕ ಸೌಂಡ್ ಬಾಕ್ಸಿನ ಪೊರೆಗೆ ತಟ್ಟಿ ಕೊಳವೆಯಿಂದ ಹೊರಬರುತ್ತಿತ್ತು. ಉಕ್ಕಿನ ಮುಳ್ಳನ್ನು ಒಂದೊಂದು ಬದಿ ಮುಗಿದಾಗಲೂ ಬದಲಿಸುತ್ತಿದ್ದರು. ತಿರುಪು ಸಡಿಲಿಸಿ ಬಿಗಿದರೆ ಮುಗಿಯಿತು. 1920ರ ದಶಕದ ನಡುವಿನಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ ನಡುಕವನ್ನು ವಿದ್ಯುತ್ತಾಗಿಸುವ ಪಿಕಪ್ಪಿಗೆ ತಂತಿ ಸೇರಿತು, ಆದರೆ ಎರಡೇ ತಂತಿ. ಲಂಡನ್ನಿನಲ್ಲಿ ಇಎಂಐ ಕಂಪನಿಗೆ ದುಡಿಯುತ್ತಿದ್ದ ಅಲನ್ ಬ್ಲಮ್ಲೀನ್ 1931ರ ಡಿಸೆಂಬರಿನಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ಎಡಿಸನ್ ಮತ್ತು ಬರ್ಲಿನರ್ ಇಬ್ಬರ ದಾರಿಯನ್ನೂ ಒಂದೇ ಗೀರಿಗೆ ತಂದ: ಗೀರಿನ ಎರಡು ಗೋಡೆಗಳು 45 ಡಿಗ್ರಿ ಓರೆ, ಒಂದೊಂದು ಗೋಡೆಗೆ ಒಂದೊಂದು ಚಾನೆಲ್. ಅದು ಮಾರುಕಟ್ಟೆಗೆ ಬಂದದ್ದನ್ನು ನೋಡಲು ಅವನಿರಲಿಲ್ಲ. 1942ರಲ್ಲಿ ರೇಡಾರ್ ಪರೀಕ್ಷೆಗೆ ಹಾರಿದ ವಿಮಾನ ಅಪಘಾತದಲ್ಲಿ ತೀರಿಕೊಂಡ. ಅಮೆರಿಕದ ವೆಸ್ಟ್ರೆಕ್ಸ್ ಕಂಪನಿ 1957ರಲ್ಲಿ ಇದೇ ತತ್ವದಲ್ಲಿ ಗೀರು ಕೊರೆಯುವ ಕಟರ್ ತೋರಿಸಿತು. ಮರುವರ್ಷ ಸ್ಟೀರಿಯೊ ಪ್ಲೇಟುಗಳು ಅಂಗಡಿಗೆ ಬಂದವು.

ಈ ವಿನ್ಯಾಸದಲ್ಲೇ ನಮ್ಮ ಮೊದಲ ಸಾಕ್ಷ್ಯವಿದೆ. ಒಳಗೋಡೆ ಎಡ ಚಾನೆಲ್ಲಿನದು, ಹೊರಗೋಡೆ ಬಲದ್ದು. ಎರಡನ್ನೂ ಓದುವುದು ಮಾತ್ರ ಒಂದೇ ಮುಳ್ಳು, ಅದನ್ನು ಹೊತ್ತ ಒಂದೇ ಕಡ್ಡಿ. ಮುಳ್ಳು ಸವೆದಿದ್ದರೆ, ಅದರ ಮೇಲಿನ ಭಾರ ಕಡಿಮೆಯಿದ್ದರೆ, ಕಾರ್ಟ್ರಿಡ್ಜನ್ನು ಹೊತ್ತ ತೋಳು ಅಂದರೆ ಆರ್ಮ್ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಒಂದು ಕಡೆಯ ಸದ್ದು ಒಡೆಯಬಹುದು, ಕುಗ್ಗಬಹುದು. ಆದರೆ ಒಂದು ಗೋಡೆಯನ್ನು ಓದಿ ಇನ್ನೊಂದನ್ನು ಪೂರ್ತಿ ಬಿಟ್ಟುಬಿಡುವುದು ಆ ಮುಳ್ಳಿನಿಂದ ಆಗದ ಕೆಲಸ. ಆದ್ದರಿಂದ ಒಂದು ಕಡೆ ಸಂಪೂರ್ಣ ಮೌನವೆಂದರೆ ದೋಷ ಗೀರಿನಲ್ಲಲ್ಲ, ಗೀರು ದಾಟಿದ ಮೇಲಿನ ವಿದ್ಯುತ್ತಿನ ದಾರಿಯಲ್ಲಿ.

ಆ ದಾರಿಯ ಅತಿ ದುರ್ಬಲ ಜಾಗ ಯಾವುದೆಂಬುದನ್ನೂ ಚರಿತ್ರೆಯೇ ಹೇಳುತ್ತದೆ. ಸ್ಟೀರಿಯೊಗೆ ನಾಲ್ಕು ತಂತಿ ಬೇಕಾದವು. ಅವುಗಳಿಗೆ ಬಣ್ಣ ನಿಗದಿಯಾಯಿತು: ಎಡಕ್ಕೆ ಬಿಳಿ ಮತ್ತು ನೀಲಿ, ಬಲಕ್ಕೆ ಕೆಂಪು ಮತ್ತು ಹಸಿರು. ಕಾರ್ಟ್ರಿಡ್ಜಿನ ಎರಡು ತಿರುಪುಗಳ ನಡುವೆ ಅರ್ಧ ಇಂಚು ಎಂಬ ಅಳತೆ ನಿಂತಿತು. ಇಂಗ್ಲೆಂಡಿನ ಎಸ್‌ಎಂಇ ಕಂಪನಿ 1959ರಲ್ಲಿ ತಂದ 3009ರಂಥ ಆರ್ಮ್‌ಗಳಿಂದ, ಕಾರ್ಟ್ರಿಡ್ಜ್ ಕೂರುವ ನಾಲ್ಕು ಪಿನ್ನಿನ ಕಳಚುವ ಹೆಡ್‌ಶೆಲ್ ಹೆಸರಾಯಿತು, ಜಪಾನಿನ ಕಾರ್ಖಾನೆಗಳೂ ಆ ಜೋಡಣೆಯನ್ನೇ ಹಿಡಿದವು. ಹೀಗೆ ಯಾವ ಕಂಪನಿಯ ಕಾರ್ಟ್ರಿಡ್ಜನ್ನಾದರೂ ಯಾವ ಆರ್ಮಿಗಾದರೂ ಮನೆಯಲ್ಲೇ ಕೂರಿಸುವ ಸ್ವಾತಂತ್ರ್ಯ ಸಿಕ್ಕಿತು. ಅದರ ಬೆಲೆ, ಕೂದಲಿನಷ್ಟು ಸಣ್ಣ ತಂತಿಗಳ ತುದಿಯ ನಾಲ್ಕು ಪುಟ್ಟ ಕ್ಲಿಪ್ಪುಗಳು. ಅವುಗಳಲ್ಲಿ ಹಾಯುವ ಸಂಕೇತವೂ ಅತ್ಯಲ್ಪ: ಆಯಸ್ಕಾಂತ ಅಲುಗುವ ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಡ್ಜಿನಲ್ಲಿ ಸುಮಾರು 5 ಮಿಲಿವೋಲ್ಟ್, ತಂತಿಸುರುಳಿ ಅಲುಗುವ ಮೂವಿಂಗ್ ಕಾಯಿಲ್ ಬಗೆಯಲ್ಲಿ ಹಲವು ಸಲ ಅದರ ಹತ್ತನೇ ಒಂದಂಶವೂ ಇಲ್ಲ. ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್. ಹೆಚ್ಚಿನ ವೋಲ್ಟೇಜು ಭೇದಿಸಿಕೊಂಡು ಹೋಗುವ ಕಿಲುಬಿನ ತೆಳು ಪೊರೆಯೇ ಇಷ್ಟು ಸಣ್ಣ ಸಂಕೇತಕ್ಕೆ ಗೋಡೆಯಾಗಬಲ್ಲದು.

ಆದರೂ ಬದಲಾದದ್ದು ಕಾರ್ಟ್ರಿಡ್ಜ್ ಒಂದೇ ಅಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಬದಲಾದ ವಸ್ತು ಒಂದೇ, ಕೈ ತಾಗಿದ ಜಾಗಗಳು ಮಾತ್ರ ಹಲವು. ನಾಲ್ಕು ಕ್ಲಿಪ್ಪು ಎಳೆದದ್ದು, ಹತ್ತಾರು ವರ್ಷ ಅಲುಗದ ತಂತಿ ಬಾಗಿದ್ದು, ಹೆಡ್‌ಶೆಲ್ ಕಳಚಿ ತಿರುಗಿಸಿದ್ದು, ಎಲ್ಲವೂ ಕಾರ್ಟ್ರಿಡ್ಜ್ ಬದಲಿಸಿದ ಆ ಹೊತ್ತಿನಲ್ಲೇ. ಮುಳ್ಳನ್ನಷ್ಟೇ ಕಿತ್ತು ಹೊಸದು ಸಿಕ್ಕಿಸಿದಾಗ ತಂತಿಗೆ ಕೈ ತಾಗುವುದಿಲ್ಲ, ಈ ದೂರೂ ಹುಟ್ಟುವುದು ಅಪರೂಪ. ಮೌನದಲ್ಲೂ ಎರಡು ಬಗೆ. ವಾಲ್ಯೂಮ್ ಏರಿಸಿದಾಗ ಆ ಕಡೆ ಗುಂಯ್ ಎಂದರೆ ಎಲ್ಲೋ ತಂತಿ ಕಡಿದಿದೆ ಅಥವಾ ಕ್ಲಿಪ್ಪು ಸಡಿಲಿದೆ; ಗುಂಯ್ ಎನ್ನುವ ಸದ್ದೂ ಇಲ್ಲದಿದ್ದರೆ ಎರಡು ಕ್ಲಿಪ್ಪುಗಳು ಒಂದಕ್ಕೊಂದು ತಗುಲಿರುವ ಸಂಭವ ಹೆಚ್ಚು. ಒಂದೇ ಚಾನೆಲ್ಲಿನ ಎರಡು ತಂತಿ ಅದಲುಬದಲಾದರೆ ಮೌನ ಬರುವುದಿಲ್ಲ, ತಗ್ಗು ಸ್ವರಗಳು ತೆಳುವಾಗುತ್ತವೆ. ಇನ್ನು, ಎರಡು ಚಾನೆಲ್‌ಗಳು ಅವಳಿಗಳಾದ್ದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸಿ ನೋಡಬಹುದು. ಆಂಪ್ಲಿಫೈಯರ್ ಆಫ್ ಮಾಡಿ ಅದರ ಹಿಂದೆ ಪ್ಲೇಯರಿನಿಂದ ಬಂದ ಕೆಂಪು, ಬಿಳಿ ಪ್ಲಗ್ಗುಗಳನ್ನು ಅದಲುಬದಲು ಮಾಡಿದಾಗ ಮೌನ ಇನ್ನೊಂದು ಸ್ಪೀಕರಿಗೆ ಹೋದರೆ ದೋಷ ಪ್ಲೇಯರಿನ ಕಡೆಯದು. ಹೋಗದಿದ್ದರೆ ಆಂಪ್ಲಿಫೈಯರ್ ಅಥವಾ ಸ್ಪೀಕರಿನದು. ಪ್ಲೇಯರಿನದೆಂದು ಗೊತ್ತಾದರೆ ಪ್ಲಗ್ಗುಗಳನ್ನು ಮೊದಲಿನಂತಿಟ್ಟು, ಕಾರ್ಟ್ರಿಡ್ಜಿನ ಪಿನ್ನುಗಳಲ್ಲಿ ಬಿಳಿ-ನೀಲಿ ಜೋಡಿಯನ್ನೂ ಕೆಂಪು-ಹಸಿರು ಜೋಡಿಯನ್ನೂ ಅದಲುಬದಲು ಮಾಡಬೇಕು. ಆಗ ಮೌನ ಜಾಗ ಬದಲಿಸಿದರೆ ಮಾತ್ರ ಹೊಸ ಕಾರ್ಟ್ರಿಡ್ಜಿನ ಮೇಲಿನ ಆರೋಪ ನಿಜವಾಗುತ್ತದೆ. ಜಾಗ ಬದಲಿಸದಿದ್ದರೆ ತಪ್ಪು ತಂತಿಯದು ಅಥವಾ ಹೆಡ್‌ಶೆಲ್ಲಿನ ಪಿನ್ನಿನದು.

ಕಾರ್ಟ್ರಿಡ್ಜ್ ಎಂದೂ ಕೆಡುವುದಿಲ್ಲ ಎಂದಲ್ಲ. ಒಳಗಿನ ಕಾಯಿಲ್ ತಂತಿ ಅತಿ ಸೂಕ್ಷ್ಮ. ಪಿನ್ನಿಗೆ ನೇರವಾಗಿ ಬೆಸುಗೆ ಹಾಕಿದರೆ ಆ ಶಾಖಕ್ಕೇ ಒಳಗಿನ ಜೋಡಣೆ ಬಿಟ್ಟುಹೋಗಬಹುದು. ಇನ್ನೂ ಬಲವಾದ ಆಕ್ಷೇಪವೆಂದರೆ ಈ ತೊಂದರೆ ಅನಿವಾರ್ಯವಾಗಿರಲಿಲ್ಲ ಎಂಬುದು. ಅದು ನಿಜ. 1970ರ ದಶಕದ ಕೊನೆಗೆ ಜಪಾನಿನ ಟೆಕ್ನಿಕ್ಸ್ ತಂದ ಪಿ-ಮೌಂಟ್ ಜೋಡಣೆಯಲ್ಲಿ ಕ್ಲಿಪ್ಪುಗಳೇ ಇರಲಿಲ್ಲ. ಕಾರ್ಟ್ರಿಡ್ಜನ್ನು ಆರ್ಮಿನ ತುದಿಗೆ ತಳ್ಳಿ ಒಂದು ತಿರುಪು ಬಿಗಿದರೆ ಸಾಕಿತ್ತು. ಆದರೆ ಅದಕ್ಕಾಗಿ ತೂಕವೂ ಅಳತೆಯೂ ಮೊದಲೇ ನಿಗದಿಯಾಗಿದ್ದವು, ತಿದ್ದಲು ಜಾಗವಿರಲಿಲ್ಲ. ಹೊಂದಿಸಿ ಕೇಳುವುದರಲ್ಲೇ ಸುಖ ಕಂಡವರು ಅರ್ಧ ಇಂಚಿನ ಹಳೆಯ ಪದ್ಧತಿಯನ್ನು ಬಿಡಲಿಲ್ಲ, ಇಂದಿಗೂ ಹೆಚ್ಚಾಗಿ ಉಳಿದಿರುವುದು ಅದೇ. ಹಾಗೆ ಉಳಿಸಿಕೊಂಡ ಆಯ್ಕೆಯ ಪಾಲೇ ಈ ನಾಲ್ಕು ಕ್ಲಿಪ್ಪುಗಳು. ಕಾರ್ಟ್ರಿಡ್ಜನ್ನು ಅಂಗಡಿಗೆ ಹಿಂದಿರುಗಿಸುವ ಮುನ್ನ ಮೊದಲು ನೋಡಬೇಕಾದದ್ದು ಅವನ್ನೇ.