ಕಾವಲುಗಂಟೆಯ ಕಥೆ



ವಿಜ್ಞಾನದ ತರಗತಿಯಲ್ಲಿ ನಾನು ಮಾಡುತ್ತಿದ್ದ ವಿದ್ಯುತ್ ಗಂಟೆಯ ಪಾಠ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮರದ ಹಲಗೆ, ತಂತಿ ಸುತ್ತಿದ ಕಬ್ಬಿಣದ ಮೊಳೆ, ಎರಡು ಸೆಲ್ಲು, ಒಂದು ಪುಟ್ಟ ಗಂಟೆ. "ಮಂಡಲ ಪೂರ್ಣವಾದರೆ ನಾದ, ತುಂಡಾದರೆ ಮೌನ" ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ನಿವೃತ್ತನಾದ ಬಳಿಕ ಅದೇ ಪಾಠವನ್ನು ಮಂಚಿಕೇರಿಯ ನಮ್ಮ ಮನೆಯಂಗಳದಲ್ಲಿ ನಿಂತ ಕಾರು ನನಗೇ ಹೇಳಿಕೊಟ್ಟಿತು. ಪಾಠದ ಶುಲ್ಕವನ್ನು ಮಾತ್ರ ಬೇರೆಯವರು ತೆತ್ತರು.

ಮೊದಲು ಸ್ವಲ್ಪ ಇತಿಹಾಸ. ಅಮೆರಿಕದ ಬಾಸ್ಟನ್ ಸಮೀಪದ ಅಗಸ್ಟಸ್ ರಸೆಲ್ ಪೋಪ್ ಎಂಬ ಧರ್ಮೋಪದೇಶಕರು 1853ರಲ್ಲಿ ಕಳ್ಳರ ಸುಳಿವು ಕೊಡುವ ವಿದ್ಯುತ್ ಗಂಟೆಗೆ ಪೇಟೆಂಟ್ ಪಡೆದರು. ಮನೆಯ ಬಾಗಿಲು, ಕಿಟಕಿಗಳಿಗೆ ತಂತಿಯ ಸಂಪರ್ಕ. ಯಾವುದನ್ನು ತೆರೆದರೂ ಮಂಡಲ ಪೂರ್ಣವಾಗಿ, ವಿದ್ಯುತ್ಕಾಂತವು ಸುತ್ತಿಗೆಯನ್ನು ಎಳೆದು ಗಂಟೆಗೆ ಹೊಡೆಸುತ್ತಿತ್ತು. 1857ರಲ್ಲಿ ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿ ಆ ಹಕ್ಕನ್ನು ಕೊಂಡು ಅದನ್ನೊಂದು ಉದ್ಯಮವನ್ನಾಗಿ ಬೆಳೆಸಿದ. ನಿಮ್ಮ ಮನೆಯ ಕಾರಿನಲ್ಲಿ ಕಾರ್ಖಾನೆಯಿಂದಲೇ ಅಲಾರಂ ಬಂದಿದ್ದರೆ ಅದರ ಬೇರು ಇಲ್ಲಿದೆ. ಬಾಗಿಲ ಚೌಕಟ್ಟಿನಲ್ಲಿ ಒಂದು ಸಣ್ಣ ಸ್ವಿಚ್ಚು. ಹಲವು ಕಾರುಗಳಲ್ಲಿ ಬಾಗಿಲು ತೆರೆದೊಡನೆ ಆ ಸ್ವಿಚ್ಚು ತಂತಿಯನ್ನು ಕಾರಿನ ಲೋಹದ ಮೈಗೆ ತಾಗಿಸುತ್ತದೆ, ಮಂಡಲ ಪೂರ್ಣವಾಗುತ್ತದೆ, ಹಾರ್ನ್ ಕೂಗುತ್ತದೆ.

ನಮ್ಮ ಸೀಮೆಯ ಕಾವಲು ಇದಕ್ಕಿಂತ ಹಳೆಯದು. ಗದ್ದೆಯಂಚಿನ ಮಾಳದಲ್ಲಿ ಮಲಗಿದವನು ಹಂದಿಯ ಸದ್ದು ಕೇಳಿದರೆ ಹಗ್ಗ ಜಗ್ಗುತ್ತಿದ್ದ. ದೂರದಲ್ಲಿ ಕಟ್ಟಿದ ಖಾಲಿ ಡಬ್ಬಿ ಬಡಿದುಕೊಳ್ಳುತ್ತಿತ್ತು. ಅಲ್ಲಿ ಕೇಳುವವನೂ ಮನುಷ್ಯ, ಏಳುವವನೂ ಮನುಷ್ಯ. ಡಬ್ಬಿ ತಾನಾಗಿ ಎಂದೂ ಸುಳ್ಳು ಹೇಳುತ್ತಿರಲಿಲ್ಲ. ಪೋಪ್ ಮಹಾಶಯರು ಕೇಳುವ ಕೆಲಸವನ್ನು ತಂತಿಗೆ ವಹಿಸಿದರು. ಏಳುವ ಕೆಲಸ ಮನುಷ್ಯನ ಪಾಲಿಗೇ ಉಳಿಯಿತು. ಈ ವಿಂಗಡಣೆಯನ್ನು ನೆನಪಿಟ್ಟುಕೊಳ್ಳಿ.

ಈಗ ನಮ್ಮ ಕಾರಿನ ವಿಷಯ. ಅದು ಮೊದಲು ಮಗನ ಬಳಿ ಇತ್ತು. ನಗರದ ರಸ್ತೆಯೊಂದರಲ್ಲಿ ನಿಲ್ಲಿಸಿದ್ದಾಗ ಯಾರೋ ಗಾಜು ಒಡೆದು, ಕೈ ಹಾಕಿ, ಸೀಟಿನ ಮೇಲಿದ್ದ ಚೀಲವನ್ನು ಒಯ್ದರು. ಅಲಾರಂ ತುಟಿ ಬಿಚ್ಚಲಿಲ್ಲ. ಅದರಲ್ಲಿ ಅದರ ತಪ್ಪೇನೂ ಇಲ್ಲ. ಬಾಗಿಲು ತೆರೆಯಲೇ ಇಲ್ಲವಲ್ಲ! ಅದಕ್ಕೆ ತಿಳಿದಿದ್ದುದು ಒಂದೇ ವಾಕ್ಯ: "ಬಾಗಿಲು ತೆರೆಯಿತು." ಗಾಜು ಒಡೆಯಿತು ಎಂಬುದು ಅದರ ವ್ಯಾಕರಣದಲ್ಲಿ ಇರಲಿಲ್ಲ.

ಆಗ ಮಗನು ಹೊರಗಿನಿಂದ ಆಘಾತ ಸಂವೇದಕವೊಂದನ್ನು, ಅಂದರೆ ಶಾಕ್ ಸೆನ್ಸರನ್ನು ತಂದು ಕೂಡಿಸಿದ. ಬೆಂಕಿಪೆಟ್ಟಿಗೆಯ ಗಾತ್ರದ ವಸ್ತು. ಕೆಲವದರೊಳಗೆ ಪೀಜೋ ವಿದ್ಯುತ್ತಿನ ಬಿಲ್ಲೆ ಇರುತ್ತದೆ; ಒತ್ತಡ ಬಿದ್ದರೆ ಕೆಲವು ಹರಳುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಝಾಕ್ ಕ್ಯೂರಿ, ಪಿಯರೆ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದಿದ್ದರು. ಇನ್ನು ಕೆಲವದರಲ್ಲಿ ತಂತಿಸುರುಳಿಯ ಬಳಿ ತೂಗುವ ಪುಟ್ಟ ಅಯಸ್ಕಾಂತವಿರುತ್ತದೆ. ಅದು ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ತ್ವ.

ಜೋಡಣೆಯ ಉಪಾಯ ನನಗೆ ಬಹಳ ಹಿಡಿಸಿತು. ಹಳೆಯ ಅಲಾರಮ್ಮಿಗೆ ಹೊಸ ಭಾಷೆ ಕಲಿಸಲು ಬರುವುದಿಲ್ಲ. ಆದ್ದರಿಂದ ಸಂವೇದಕದ ಹೊರತಂತಿಯನ್ನು ಬಾನೆಟ್ಟಿನ ಸ್ವಿಚ್ಚಿನ ತಂತಿಗೆ ಕೂಡಿಸುತ್ತಾರೆ, ನಡುವೆ ಒಂದು ಡಯೋಡ್ ಇಟ್ಟು. ಪೆಟ್ಟು ಬಿದ್ದರೆ ಸಂವೇದಕವು ಆ ತಂತಿಯನ್ನು ಕ್ಷಣಕಾಲ ಭೂಮಿಗೆ ತಾಗಿಸುತ್ತದೆ. ಅಲಾರಂ "ಬಾನೆಟ್ ತೆರೆಯಿತು" ಎಂದೇ ತಿಳಿದು ಕೂಗುತ್ತದೆ. ಹೊಸ ಕಾವಲುಗಾರನು ಹಳಬನ ದನಿಯಲ್ಲಿ ಮಾತಾಡುತ್ತಾನೆ. ಎಲ್ಲ ಕಾರುಗಳಲ್ಲಿ ಹೀಗೆ ಸಾಧ್ಯವಿಲ್ಲ. 1986ರಲ್ಲಿ ಬಾಷ್ ಕಂಪನಿಯು 'ಕ್ಯಾನ್' ಎಂಬ ಜಾಲವನ್ನು ಪ್ರಕಟಿಸಿದ ಮೇಲೆ ಕ್ರಮೇಣ ಕಾರಿನ ಭಾಗಗಳು ಸಂಕೇತಗಳ ಮೂಲಕ ಸಂಭಾಷಿಸತೊಡಗಿದವು. (ಬೆಂಗಳೂರಿನ ಆಡುಗೋಡಿಯ ಮೈಕೋ ನಿಮಗೆ ಗೊತ್ತಷ್ಟೆ, 2008ರಲ್ಲಿ ಅದೂ ಬಾಷ್ ಎಂದು ಹೆಸರು ಬದಲಿಸಿಕೊಂಡಿತು.) ಅಂಥ ಕಾರಿನಲ್ಲಿ ತಿಳಿಯದೆ ತಂತಿ ಕತ್ತರಿಸುವುದು ಸಲ್ಲದು.

ಕಾರು ಮಂಚಿಕೇರಿಗೆ ಬಂದುದು ಮಳೆಗಾಲದಲ್ಲಿ. ನಗರದಲ್ಲಿ ಗಾಜಿಗೆಂದು ಹದಗೊಳಿಸಿದ ಕಿವಿಗೆ ಇಲ್ಲಿ ಎಲ್ಲವೂ ಕಳ್ಳರೇ. ಗುಡುಗಿದರೆ ಕೂಗಿತು. ಮಾವಿನ ರೆಂಬೆ ಬಿದ್ದರೆ ಕೂಗಿತು. ಮಂಗ ಹಾರಿದರೆ ಕೂಗಿತು. ಮೊದಲ ರಾತ್ರಿ ಪಕ್ಕದ ಮನೆಯವರು ಟಾರ್ಚು ಹಿಡಿದು ಓಡಿಬಂದು, "ಎಂತ ಆತು ಮಾಸ್ತರೆ?" ಎಂದು ಕೇಳಿದರು. ಎರಡನೆಯ ರಾತ್ರಿ ಅವರ ಜಗುಲಿಯ ದೀಪ ಹೊತ್ತಿ ಆರಿತು. ಮೂರನೆಯ ರಾತ್ರಿ ದೀಪವೂ ಹೊತ್ತಲಿಲ್ಲ. ನಾನೂ ಹಾಸಿಗೆಯಿಂದಲೇ ಗುಂಡಿ ಒತ್ತಿ ಸುಮ್ಮನಾಗಿಸುವ ವಿದ್ಯೆ ಕಲಿತಿದ್ದೆ. ಸಂವೇದಕದ ಪಕ್ಕದಲ್ಲಿಯೇ ಸೂಕ್ಷ್ಮತೆ ತಗ್ಗಿಸುವ ತಿರುಪು ಇತ್ತು. ನಾಳೆ ತಿರುಗಿಸಿದರಾಯಿತು ಎಂದುಕೊಂಡೆ.

ಒಂದು ನಸುಕಿನಲ್ಲಿ ಕಾರು ಕೂಗಿತು. ಗುಂಡಿ ಒತ್ತಿದೆ. ಮತ್ತೆ ಕೂಗಿತು. ಮತ್ತೆ ಒತ್ತಿ ಹೊದಿಕೆ ಎಳೆದುಕೊಂಡೆ. ಬೆಳಕು ಹರಿದ ಮೇಲೆ ಹೊರಗೆ ಬಂದು ನೋಡಿದರೆ, ಕಾರಿನ ಮಗ್ಗುಲಲ್ಲಿ ಪಕ್ಕದ ಮನೆಯ ಅಜ್ಜಿ ಒರಗಿ ಕುಳಿತಿದ್ದರು. ಪೂಜೆಗೆ ಹೂ ಕೊಯ್ಯಲು ಬಂದವರು ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದಿದ್ದರು. ಮುಂಗೈ ಮುರಿದಿತ್ತು. ಕೂಗಿದರೆ ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲವೆಂದು ಊರುಗೋಲಿನಿಂದ ಕಾರಿನ ಬಾಗಿಲನ್ನು ಬಡಿದಿದ್ದರು. ಅವರ ಮಗ ತಲೆ ತಗ್ಗಿಸಿ, "ಮಾಸ್ತರ ಕಾರು ಅಲ್ದಾ ಹೇಳಿ ಸುಮ್ನೆ ಮಲಗಿದ್ದಿ" ಎಂದರು. ಅಜ್ಜಿ ನನ್ನನ್ನು ಬಯ್ಯಲಿಲ್ಲ. "ನಿನ್ನ ಕಾರಿಗೆ ಕೇಳ್ತು ತಮಾ, ನಿನಗೆ ಕೇಳಿದ್ದಿಲ್ಲೆ" ಎಂದಷ್ಟೇ ಹೇಳಿದರು.

ಆ ಮಾತನ್ನು ನಾನು ಮರೆತಿಲ್ಲ. 'ತೋಳ ಬಂತು ತೋಳ' ಕಥೆಯನ್ನು ಮಕ್ಕಳಿಗೆ ಹೇಳುವಾಗ ಸುಳ್ಳು ಹೇಳಿದ ಹುಡುಗನನ್ನೇ ಬೈದೆವು. ನಿಜ ಹೇಳಿದ ದಿನ ಬಾರದ ಊರವರ ಬಗ್ಗೆ ಪ್ರಶ್ನೆ ಕೇಳಲಿಲ್ಲ. ನಮ್ಮಲ್ಲಿ ಆ ಹುಡುಗನೂ ನಾನೇ, ಬಾರದ ಊರವನೂ ನಾನೇ.

ಲೋಕವೂ ಈ ಸಂಕಟವನ್ನು ಕಂಡಿದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್; ಕಾರಿನ ಹಾರ್ನ್ ಹತ್ತಿರದಿಂದ 100ನ್ನು ಮುಟ್ಟುತ್ತದೆ. ಐರೋಪ್ಯ ಒಕ್ಕೂಟವು 1998ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರನ್ನು ಕಡ್ಡಾಯ ಮಾಡಿತು. ಅದು ಯಾರನ್ನೂ ಕರೆಯುವುದಿಲ್ಲ. ಸರಿಯಾದ ಕೀಲಿ ಇಲ್ಲದಿದ್ದರೆ ಎಂಜಿನ್ನನ್ನು ಚಾಲೂ ಆಗಗೊಡುವುದಿಲ್ಲ, ಅಷ್ಟೆ. ಆದರೆ ಅಂಗಳದಲ್ಲಿ ಬಿದ್ದ ಅಜ್ಜಿಗೆ ಆ ಮೌನದಿಂದ ಉಪಯೋಗವಿಲ್ಲ. ಅವರಿಗೆ ಬೇಕಾದುದು ಕೂಗು, ಮತ್ತು ಕೂಗಿಗೆ ಏಳುವ ಒಬ್ಬ.

ಅಂದೇ ತಿರುಪು ತಿರುಗಿಸಿದೆ. ಡ್ಯಾಷ್‌ಬೋರ್ಡಿನ ಕೆಳಗೆ ಸಡಿಲವಾಗಿದ್ದ ಸಂವೇದಕವನ್ನು ಲೋಹಕ್ಕೆ ಬಿಗಿಯಾಗಿ ಕೂರಿಸಿದೆ. ಕಾರನ್ನು ಮಾವಿನ ಮರದಿಂದ ಆಚೆ ನಿಲ್ಲಿಸಿದೆ. ಅಂಗಳದ ಪಾಚಿ ಕೆರೆಸಿದೆ. ಈಗ ಗುಡುಗಿಗೆ ಅದು ಕೂಗುವುದಿಲ್ಲ. ಬಾಗಿಲಿಗೆ ಕೋಲಿನಿಂದ ಬಡಿದರೆ ಕೂಗುತ್ತದೆ, ಪರೀಕ್ಷಿಸಿಯೇ ಇಟ್ಟಿದ್ದೇನೆ. ಕಾರಿನ ಕೀಲಿಯನ್ನು ದಿಂಬಿನ ಬಳಿಯಿಂದ ತೆಗೆದು ಜಗುಲಿಯ ಗೂಟಕ್ಕೆ ತೂಗಿಹಾಕಿದ್ದೇನೆ. ಸುಮ್ಮನಾಗಿಸಬೇಕೆಂದರೆ ಎದ್ದು ಹೋಗಲೇಬೇಕು, ಹೋದ ಮೇಲೆ ಅಂಗಳವನ್ನು ನೋಡಲೇಬೇಕು.

ನಿಮ್ಮ ಕಾರುಗಳಿಗೂ ಇಂಥದನ್ನು ಕೂಡಿಸುವವರಿದ್ದರೆ ಅವಶ್ಯವಾಗಿ ಕೂಡಿಸಿರಿ. ಆದರೆ ಕೀಲಿಯನ್ನು ಎಲ್ಲಿ ತೂಗಿಹಾಕುತ್ತೀರಿ ಎಂಬುದನ್ನು ಮೊದಲೇ ಯೋಚಿಸಿರಿ.